ಬೆಕ್ಕಿನ ಉಗುರು ತೆಗೆಸಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಕೆಂಚಿ, ಕರಿಯ, ಮತ್ತೆ ಮರಿ. ಮೂರನೆಯದಕ್ಕೆ ಒಳ್ಳೆಯ ಹೆಸರು ಹುಡುಕುವಷ್ಟರಲ್ಲಿ 'ಮರಿ' ಅಂತ ಕರೆದು ಕರೆದು ಅದೇ ಉಳಿದುಬಿಟ್ಟಿತು. ಈಗ ಮರಿಗೆ ಆರು ವರ್ಷ. ಬೆಕ್ಕು ಸಾಕಿದವಳು ಅಂತ ಗೊತ್ತಾದ ಮೇಲೆ ಹಾಸನ, ಬೇಲೂರು, ಮೂಡಿಗೆರೆ ಕಡೆಯ ನೆಂಟರು, ನೆಂಟರ ಪಕ್ಕದ ಮನೆಯವರು ಎಲ್ಲ ಫೋನ್ ಮಾಡುತ್ತಾರೆ. ಮಾತು ಶುರುವಾಗುವುದು ಒಂದೇ ಥರ: 'ಹೊಸ ಸೋಫಾ ಹೋಯ್ತು, ಉಗುರು ತೆಗೆಸಿಬಿಡಲಾ?' ಪ್ರತಿ ಸಲ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪಶುವೈದ್ಯೆ ಅಲ್ಲ. ಬೆಕ್ಕಿಗೆ ಹುಷಾರಿಲ್ಲದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಉಗುರು ತೆಗೆಸುವುದು ಅಂದ್ರೆ ಉಗುರು ಕತ್ತರಿಸುವುದೇ ಅಲ್ವಾ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ನಮ್ಮ ಉಗುರು ಚರ್ಮದ ಮೇಲೆ ಬೆಳೆಯುತ್ತದೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದ ಬೆಳೆಯುತ್ತದೆ, ಆ ಮೂಳೆಯನ್ನೇ ಕಚ್ಚಿಕೊಂಡಿರುತ್ತದೆ. ಉಗುರು ಮತ್ತೆ ಬರಬಾರದು ಅಂದ್ರೆ ಆ ಮೂಳೆಯನ್ನೇ ಗೆಣ್ಣಿನ ಹತ್ತಿರ ಕತ್ತರಿಸಿ ತೆಗೆಯಬೇಕು. ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ. ಪ್ರತಿ ಬೆರಳಿನ ತುದಿಯ ಗೆಣ್ಣಿನಿಂದ ಆಚೆಗಿರುವುದೆಲ್ಲ ಹೋಯಿತು ಅಂದುಕೊಳ್ಳಿ. ಉಗುರು ತೆಗೆಸುವುದು, ಇಂಗ್ಲಿಷಿನಲ್ಲಿ ಡಿಕ್ಲಾ ಮಾಡಿಸುವುದು, ಅಂದ್ರೆ ಅದು.

ಬೆಕ್ಕಿನ ಮುಂಗಾಲುಗಳಲ್ಲಿ ಐದೈದು ಬೆರಳು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು. ಮುಂದಿನ ಎರಡು ಕಾಲಿಗೆ ಮಾತ್ರ ಮಾಡಿಸಿದರೂ ಹತ್ತು ಬೆರಳಿನ ತುದಿ ಹೋಗುತ್ತದೆ. ನಾಲ್ಕಕ್ಕೂ ಮಾಡಿಸಿದರೆ 18. ಅದರ ಮೇಲೆ ಬೆಕ್ಕು ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುವುದಿಲ್ಲ, ಬೆರಳುಗಳ ಮೇಲೇ ನಡೆಯುತ್ತದೆ. ಯಾವುದನ್ನು ಕತ್ತರಿಸಿದೆವೋ ಅದರ ಮೇಲೇ ಅದು ಮರುದಿನದಿಂದ ಮೈಭಾರ ಹಾಕಬೇಕು.

ಲೇಸರ್‌ನಲ್ಲಿ ಮಾಡಿದರೆ ನೋವಿಲ್ಲವಂತೆ?

ಲೇಸರ್‌ನಲ್ಲಿ ರಕ್ತ ಕಡಿಮೆ ಹೋಗಬಹುದು. ತೆಗೆಯುವುದು ಅದೇ ಮೂಳೆಯನ್ನು. ಕತ್ತಿ ಹೊಸದು, ಅಷ್ಟೇ.

ಮೂಳೆ ಮುಟ್ಟದೆ ಬರೀ ನರ ಕತ್ತರಿಸುವ ಆಪರೇಷನ್ ಇದೆಯಂತಲ್ಲ?

ಇದೆ. ಅದು ನರ ಅಲ್ಲ, ಉಗುರನ್ನು ಹೊರಕ್ಕೆ ಚಾಚುವ ಸ್ನಾಯುವಿನ ದಾರ. ಅದನ್ನು ತುಂಡು ಮಾಡಿದರೆ ಉಗುರು ಇರುತ್ತದೆ, ಆದರೆ ಬೆಕ್ಕಿಗೆ ಅದನ್ನು ಚಾಚಲು ಆಗುವುದಿಲ್ಲ. ಪರಚಿ ಸವೆಸುವುದು ನಿಂತ ಮೇಲೆ ಉಗುರು ದಪ್ಪಗಾಗಿ, ಸುರುಳಿ ಸುತ್ತಿ, ಪಾದದ ಮೆತ್ತೆಯೊಳಗೇ ಚುಚ್ಚಿಕೊಳ್ಳುತ್ತದೆ. ಆಮೇಲೆ ಬದುಕಿರುವವರೆಗೂ ನೀವೇ ಕತ್ತರಿಸುತ್ತಿರಬೇಕು. ಹೇಗೂ ಕತ್ತರಿಸುತ್ತಲೇ ಇರಬೇಕು ಅಂದ ಮೇಲೆ ಆಪರೇಷನ್ ಯಾಕೆ ಬೇಕಿತ್ತು?

ಮಾಡಿಸಿದರೆ ಏನಾಗುತ್ತದೆ? ಅಮೆರಿಕದಲ್ಲಿ ಎಲ್ಲರೂ ಮಾಡಿಸ್ತಾರಲ್ಲ.

ಅಲ್ಲಿ ಬಹಳ ವರ್ಷ ಮಾಡಿಸಿದ್ದಾರೆ ನಿಜ. ಅದಕ್ಕೇ ಅದರ ಫಲ ಏನು ಅಂತ ಚೆನ್ನಾಗಿ ಗೊತ್ತಿರುವುದೂ ಅಲ್ಲಿನವರಿಗೇ. 2017ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ 274 ಬೆಕ್ಕುಗಳನ್ನು ನೋಡಿದರು. ಅರ್ಧ ಉಗುರು ತೆಗೆಸಿದವು, ಅರ್ಧ ಉಗುರು ಇದ್ದವು. ಉಗುರು ತೆಗೆಸಿದ ಬೆಕ್ಕುಗಳಲ್ಲಿ ಬೆನ್ನುನೋವು ಜಾಸ್ತಿ, ಕಚ್ಚುವುದು ಜಾಸ್ತಿ, ಟ್ರೇ ಬಿಟ್ಟು ಮನೆಯಲ್ಲೆಲ್ಲ ಹೊಲಸು ಮಾಡುವುದೂ ಜಾಸ್ತಿ. ಎಕ್ಸ್‌ರೇ ತೆಗೆದರೆ ನೂರಕ್ಕೆ 63 ಬೆಕ್ಕುಗಳಲ್ಲಿ ಮೂಳೆಯ ಚೂರು ಒಳಗೇ ಉಳಿದುಕೊಂಡಿತ್ತು.

ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬೆಕ್ಕು ಮಲ ಮೂತ್ರ ಮಾಡುವ ಮೊದಲು, ಮಾಡಿದ ಮೇಲೆ ಮಣ್ಣು ಕೆದಕುತ್ತದೆ. ಗಾಯದ ಬೆರಳಿಗೆ ಮರಳು ತಾಗಿದರೆ ಉರಿ. ಮರಳಿನ ಟ್ರೇ ಅಂದ್ರೆ ನೋವು ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ. ಮುಂದಿನ ಸಲ ನಿಮ್ಮ ಹಾಸಿಗೆ ಹುಡುಕುತ್ತದೆ, ಅದು ಮೆತ್ತಗಿದೆಯಲ್ಲ. ಹಾಗೆಯೇ ಹೆದರಿದಾಗ ಮೊದಲು ಪಂಜ ಬೀಸಿ 'ದೂರ ಇರು' ಅಂತ ಹೇಳುವ ಪ್ರಾಣಿಗೆ ಪಂಜವೇ ಇಲ್ಲದಿದ್ದರೆ ಉಳಿಯುವುದು ಹಲ್ಲು. ಉಗುರಿನ ಗೀರು ನಾಲ್ಕು ದಿನಕ್ಕೆ ಮಾಯುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಬೇಗ ಕೀವಾಗುತ್ತದೆ. ಸೋಫಾ ಉಳಿಸಲು ಹೋಗಿ ಹಾಸಿಗೆಯನ್ನೂ ಕೈಯನ್ನೂ ಕಳೆದುಕೊಂಡ ಹಾಗೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ, ಆ ಕಥೆ.

ಅಲ್ಲೂ ಈಗ ಗಾಳಿ ತಿರುಗಿದೆ. 2018ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ನಿಲ್ಲಿಸಿತು. 2019ರಲ್ಲಿ ನ್ಯೂಯಾರ್ಕ್ ನಿಷೇಧಿಸಿತು, ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲು. ಇಸ್ರೇಲ್ 2011ರಲ್ಲೇ ಬೇಡ ಎಂದಿತ್ತು. ಯುರೋಪಿನ ದೇಶಗಳು ಸೇರಿ 1987ರಲ್ಲಿ ಮಾಡಿಕೊಂಡ ಸಾಕುಪ್ರಾಣಿ ಒಪ್ಪಂದದಲ್ಲೂ ಇದು ನಿಷಿದ್ಧ. ನಾವು ಯಾವುದೋ ಹಳೇ ವಿಡಿಯೋ ನೋಡಿ ಈಗ ಶುರು ಮಾಡಲು ಹೊರಟಿದ್ದೇವೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯ ಅಂಗ ಊನ ಮಾಡುವುದು ಹಿಂಸೆ. ಬೆಕ್ಕಿನ ಉಗುರು ಅಂತ ಹೆಸರು ಹಿಡಿದು ಅದರಲ್ಲಿ ಬರೆದಿಲ್ಲ. ಇಲ್ಲಿ ಯಾರಾದರೂ 'ದನಕ್ಕೆ ಮೂಗುದಾರ ಹಾಕಲ್ವಾ, ಕೊಂಬು ತೆಗೆಯಲ್ವಾ?' ಅಂತ ಕೇಳೇ ಕೇಳುತ್ತಾರೆ. ನನ್ನ ಸೋದರಮಾವ ಕೇಳಿದ್ದರು. ಅದಕ್ಕೆ ಉತ್ತರ ಅದೇ ಸೆಕ್ಷನ್‌ನಲ್ಲಿದೆ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು, ಇವನ್ನು ನಿಯಮದ ಪ್ರಕಾರ ಮಾಡಿದರೆ ಹಿಂಸೆ ಅಲ್ಲ ಅಂತ ವಿನಾಯಿತಿ ಕೊಟ್ಟಿದ್ದಾರೆ. ಆ ವಿನಾಯಿತಿಯಲ್ಲಿ ಬೆಕ್ಕಿನ ಬೆರಳು ಇಲ್ಲ.

ದಂಡ ಎಷ್ಟು ಅಂತ ಕೇಳಿದರೆ ನಗು ಬರುತ್ತದೆ. ಮೊದಲ ಸಲಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. 1960ರ ರೂಪಾಯಿ ಲೆಕ್ಕ ಹಾಗೇ ಉಳಿದಿದೆ. ದಂಡಕ್ಕೆ ಹೆದರಿ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳಿದರೆ ಯಾರೂ ಹೆದರುವುದೂ ಇಲ್ಲ.

ಹಾಗಾದ್ರೆ ಮಕ್ಕಳಾಗದ ಆಪರೇಷನ್ ಕೂಡ ತಪ್ಪಾ?

ಇಲ್ಲ, ಅದನ್ನು ಮಾಡಿಸಿ. ಐದಾರು ತಿಂಗಳಿಗೆ ಡಾಕ್ಟರ ಹತ್ತಿರ ಮಾತಾಡಿ. ಗಂಡುಬೆಕ್ಕಿನ ಜಗಳ, ರಾತ್ರಿಯೆಲ್ಲ ಊಳಿಡುವುದು, ಗೋಡೆಗೆ ಮೂತ್ರ ಸಿಡಿಸುವುದು ಬಹಳ ಕಡಿಮೆಯಾಗುತ್ತದೆ. ಅದರಿಂದ ಬೆಕ್ಕಿಗೂ ಲಾಭ ಇದೆ. ಉಗುರು ತೆಗೆಸುವುದರಿಂದ ಲಾಭ ಸೋಫಾಗೆ ಮಾತ್ರ.

ಬೆಕ್ಕು ಯಾಕೆ ಪರಚುತ್ತದೆ? ನಮ್ಮ ಮೇಲೆ ಸಿಟ್ಟಾ?

ಸಿಟ್ಟೇನಿಲ್ಲ. ಉಗುರಿನ ಮೇಲಿನ ಹಳೇ ಪದರ ಈರುಳ್ಳಿ ಸಿಪ್ಪೆಯ ಹಾಗೆ ಕಳಚಬೇಕು, ಅದಕ್ಕೆ ಒರಟು ಜಾಗ ಬೇಕು. ನಿದ್ದೆಯಿಂದ ಎದ್ದಾಗ ಬೆನ್ನು, ಭುಜ ಎಳೆದು ಮೈ ಮುರಿಯಬೇಕು, ಅದಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳಲು ಏನಾದರೂ ಬೇಕು. ಜೊತೆಗೆ ಪಾದದಲ್ಲಿ ವಾಸನೆಯ ಗ್ರಂಥಿಗಳಿವೆ. ಪರಚಿದ ಕಡೆ 'ಇದು ನಂದು' ಅಂತ ರುಜು ಬೀಳುತ್ತದೆ. ಗೀರು ಕಣ್ಣಿಗೆ, ವಾಸನೆ ಮೂಗಿಗೆ. ಮನೆಯವರೆಲ್ಲ ಕೂರುವ ಸೋಫಾದ ಮೇಲೇ ಯಾಕೆ ರುಜು ಹಾಕುತ್ತದೆ ಅಂದ್ರೆ, ನಿಮ್ಮ ವಾಸನೆ ಇರುವುದೇ ಅಲ್ಲಿ. ಒಂದು ಲೆಕ್ಕದಲ್ಲಿ ಪ್ರೀತಿ, ದುಬಾರಿ ಪ್ರೀತಿ.

ಅಜ್ಜಿಯ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಕೊಟ್ಟಿಗೆ ಕಂಬ ಇತ್ತು, ಹಲಸಿನ ಮರ ಇತ್ತು, ಕಟ್ಟಿಗೆ ರಾಶಿ ಇತ್ತು. ಬೆಕ್ಕು ಅಲ್ಲೇ ಕೆಲಸ ಮುಗಿಸಿ ಒಳಗೆ ಬರುತ್ತಿತ್ತು. ಈಗ ಲೇಔಟ್ ಮನೆಯಲ್ಲಿ ಟೈಲ್ಸು, ಗ್ರಾನೈಟು, ಪೇಂಟ್ ಹೊಡೆದ ಗೋಡೆ. ಒರಟಾಗಿ ಉಳಿದಿರುವುದು ಸೋಫಾ ಒಂದೇ.

ಪರಚುವ ಕಂಬ ಆನ್‌ಲೈನ್‌ನಲ್ಲಿ ತರಿಸಿದೆ. ತಿರುಗಿಯೂ ನೋಡಲಿಲ್ಲ.

ಅಂಗಡಿಯ ಕಂಬಗಳಲ್ಲಿ ಬಹಳಷ್ಟು ಮೊಣಕಾಲೆತ್ತರ ಇರುತ್ತವೆ, ಹಗುರ ಇರುತ್ತವೆ. ನಮ್ಮ ಮೊದಲ ಕಂಬವೂ ಹಾಗೇ ಇತ್ತು. ಕರಿಯ ಒಂದು ಸಲ ಮೈ ಚಾಚಿ ಹಿಡಿದ, ಕಂಬ ಅವನ ಮೇಲೇ ಬಿತ್ತು. ಆಮೇಲೆ ಆರು ತಿಂಗಳು ಆ ಮೂಲೆಯ ಕಡೆಗೇ ಹೋಗಲಿಲ್ಲ. ಕಂಬ ಅಲ್ಲಾಡಬಾರದು. ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚಿಕೊಂಡರೂ ತುದಿ ಇನ್ನೂ ಮೇಲಿರಬೇಕು. ದೊಡ್ಡ ಬೆಕ್ಕಿಗೆ ಮೂರಡಿ ಅಂತ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ಜಾಗದ್ದು. ನೋಡಲು ಚೆನ್ನಾಗಿಲ್ಲ ಅಂತ ಕಂಬವನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಟ್ಟರೆ ಅದು ಯಾರಿಗೆ ಬೇಕು? ರುಜು ಹಾಕುವುದು ಹತ್ತು ಜನ ನೋಡುವ ಕಡೆ. ಯಾವ ಸೋಫಾ ಮೂಲೆಯನ್ನು ಪರಚುತ್ತಿದೆಯೋ ಅದಕ್ಕೆ ತಾಗಿಸಿ ಕಂಬ ಇಡಿ. ಬೆಕ್ಕು ಮಲಗುವ ಜಾಗದ ಪಕ್ಕ ಇನ್ನೊಂದು ಇಡಿ, ಏಳುತ್ತಿದ್ದಂತೆ ಕೈಗೆ ಸಿಗಬೇಕು. ಕಂಬದ ರೂಢಿ ಗಟ್ಟಿಯಾದ ಮೇಲೆ ದಿನಕ್ಕೆ ಒಂದೊಂದು ಗೇಣು ನಿಮಗೆ ಬೇಕಾದ ಕಡೆಗೆ ಸರಿಸಬಹುದು. ಅವಸರ ಮಾಡಬೇಡಿ.

ನಿಮ್ಮ ಬೆಕ್ಕು ಯಾವುದನ್ನು ಪರಚುತ್ತಿದೆ ಅಂತಲೂ ನೋಡಿ. ಸೋಫಾದ ಬದಿ, ಬಾಗಿಲ ಚೌಕಟ್ಟು ಆದರೆ ಅದಕ್ಕೆ ನಿಂತ ಕಂಬ ಬೇಕು. ಕಾಲೊರಸು, ಜಮಖಾನ ಆದರೆ ಅದಕ್ಕೆ ನೆಲದ ಮೇಲೆ ಹಾಸಿದ್ದು ಬೇಕು. ನಮ್ಮ ಕೆಂಚಿ ಕಂಬ ಮುಟ್ಟುವುದೇ ಇಲ್ಲ. ಅವಳಿಗೆ ಹಲಗೆಗೆ ಬಿಗಿದ ಗೋಣಿಚೀಲವೇ ಆಗಬೇಕು. ಕಾಲು ಹಿಡಿದು ಕಂಬಕ್ಕೆ ಉಜ್ಜಿ ಕಲಿಸಲು ಹೋಗಬೇಡಿ, ಅದಕ್ಕೆ ಸಿಟ್ಟು ಬರುತ್ತದೆ. ಕಂಬದ ಸುತ್ತ ದಾರ ಆಡಿಸಿ. ತಾನಾಗೇ ಉಗುರು ಹಾಕಿದಾಗ ಒಂದು ಚೂರು ಮೀನು ಕೊಡಿ.

ಮನೆಯಲ್ಲೇ ಕಂಬ ಮಾಡಬಹುದಾ?

ಮಾಡಬೇಕು! ಇದಕ್ಕೆ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಷ್ಟು ಅನುಕೂಲ ಬೇರೆಲ್ಲೂ ಇಲ್ಲ ಅಂತ ನನಗನ್ನಿಸುತ್ತದೆ. ತೋಟದಲ್ಲಿ ಹಳೇ ರೊಬಸ್ಟಾ ಕಾಫಿ ಗಿಡ ಕಿತ್ತಾಗ ಸಿಗುವ ಬೊಡ್ಡೆ ಕಬ್ಬಿಣದಷ್ಟು ಗಟ್ಟಿ. ಕವಲು ಕವಲಾಗಿರುವುದರಿಂದ ಮೇಲೆ ಒಂದು ಹಲಗೆ ಕೂರಿಸಿದರೆ ಬೆಕ್ಕಿಗೆ ಅಟ್ಟವೂ ಆಯಿತು. ಅದು ಸಿಗದಿದ್ದರೆ ಸಿಲ್ವರ್ ಓಕ್‌ನ ತುಂಡು ಸಾಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನ ನಾರಿನ ಹಗ್ಗದ ಬಗ್ಗೆ ನಾನು ಹೇಳಬೇಕಾಗಿಲ್ಲ. ಕತ್ತಾಳೆ ನಾರಿನ ಹಗ್ಗ ಸಿಕ್ಕರೆ ಇನ್ನೂ ಒಳ್ಳೆಯದು, ಅಂಗಡಿ ಕಂಬಗಳಿಗೆ ಸುತ್ತಿರುವುದು ಸಾಮಾನ್ಯವಾಗಿ ಅದೇ ಜಾತಿಯ ನಾರು.

ಬೊಡ್ಡೆಯ ತೊಗಟೆ ಪೂರ್ತಿ ಕೆತ್ತಿ, ತೊಳೆದು, ಎರಡು ವಾರ ಬಿಸಿಲಿಗೆ ಒಣಗಿಸಿ. ತೋಟದ ಮರ ಅಂದ ಮೇಲೆ ಬೋರ್ಡೋ ದ್ರಾವಣ, ಇನ್ನೊಂದು ಔಷಧಿ ಎಲ್ಲ ಬಿದ್ದಿರುತ್ತದೆ, ಬೆಕ್ಕು ಪಾದ ನೆಕ್ಕುವ ಪ್ರಾಣಿ. ಪಾಲಿಶ್, ವಾರ್ನಿಶ್ ಹಚ್ಚಬೇಡಿ. ಅಡಿಗೆ ಕನಿಷ್ಠ ಒಂದೂವರೆ ಅಡಿ ಚೌಕದ ದಪ್ಪ ಹಲಗೆ ಹಾಕಿ, ಕೆಳಗಿನಿಂದ ದೊಡ್ಡ ಸ್ಕ್ರೂ ಕೂರಿಸಿ. ತಳ್ಳಿ ನೋಡಿ. ಅಲ್ಲಾಡಿದರೆ ಹಲಗೆ ದೊಡ್ಡದು ಮಾಡಿ. ಮನೆಯಲ್ಲಿ ಮರದ ಕಂಬಗಳಿದ್ದರೆ ಇಷ್ಟೆಲ್ಲ ಬೇಡ, ಒಂದು ಕಂಬಕ್ಕೆ ಹಗ್ಗ ಸುತ್ತಿದರೂ ಆಯಿತು. ಬೀಟೆ ಕಂಬ ಇರುವ ಹಳೇ ಮನೆಯವರು ಈ ಮಾತು ಕೇಳಿ ನನ್ನನ್ನು ಬೈದಿದ್ದೂ ಇದೆ. ಆದರೆ ಹಗ್ಗ ಸುತ್ತಿದ್ದರೆ ಕಂಬಕ್ಕೂ ರಕ್ಷಣೆ ಅಲ್ವಾ?

ಹಗ್ಗ ಎಷ್ಟು ಬೇಕು ಅನ್ನುವುದರಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ನಾನು ಹತ್ತು ಮೀಟರ್ ತಂದೆ, ಒಂದು ಅಡಿಗೆ ಮುಗಿದುಹೋಯಿತು. ನಾಲ್ಕು ಇಂಚು ದಪ್ಪ, ಮೂರಡಿ ಎತ್ತರದ ಕಂಬಕ್ಕೆ 10 ಮಿಲಿಮೀಟರ್ ಹಗ್ಗವಾದರೆ ಸುಮಾರು 30 ಮೀಟರ್ ಬೇಕು. ಸುತ್ತು ಸುತ್ತಿಗೂ ಬಿಗಿ ಹಿಡಿದು, ನಡುವೆ ಸಂದಿ ಬಿಡದೆ ಸುತ್ತಿ. ಮೊಳೆ ಎರಡು ತುದಿಗೆ ಮಾತ್ರ, ಅದೂ ಹಗ್ಗದ ಅಡಿಗೆ ಮುಚ್ಚಿಹೋಗುವ ಹಾಗೆ.

ನೆಲದ ಮೇಲೆ ಹಾಸಲು ಹಾಸನದ ಆಲೂಗಡ್ಡೆ ಚೀಲವೋ ಕಾಫಿ ಚೀಲವೋ ಸಾಕು, ಸೆಣಬಿನದ್ದಾಗಿರಬೇಕು. ಕಾಫಿ ಚೀಲವಾದರೆ ಒಳಗಿನ ಬೀಜ, ಪುಡಿ ಎಲ್ಲ ಕೊಡವಿ ಒಗೆಯಿರಿ, ಕೆಫೀನ್ ಬೆಕ್ಕಿಗೆ ವಿಷ. ಗೊಬ್ಬರ, ಕೀಟನಾಶಕ ತುಂಬಿದ್ದ ಚೀಲ ಬೇಡವೇ ಬೇಡ.

ಮಳೆಗಾಲದಲ್ಲಿ ಪರಚುವುದು ಜಾಸ್ತಿ ಆಗುತ್ತದಲ್ಲ, ಯಾಕೆ?

ಜೂನ್ ಬಂತು ಅಂದ್ರೆ ಮೂಡಿಗೆರೆ, ಸಕಲೇಶಪುರದ ಕಡೆ ಬೆಕ್ಕು ಹೊರಗೆ ಕಾಲಿಡುವುದಿಲ್ಲ. ಮರದ ಕೋಟಾ ಎಲ್ಲ ಮನೆಯೊಳಗೇ ಮುಗಿಸಬೇಕಲ್ಲ. ಆ ಮೂರು ತಿಂಗಳು ಒಂದು ಕಂಬ ಜಾಸ್ತಿ ಇಡಿ, ಸಂಜೆ ಹತ್ತು ನಿಮಿಷ ಆಟ ಆಡಿಸಿ. ಗೋಣಿ, ನಾರು ಎರಡಕ್ಕೂ ಬೂಷ್ಟು ಬರುತ್ತದೆ. ಒಲೆಯ ಹತ್ತಿರವೋ ಅಟ್ಟದ ಮೇಲೋ ಆಗಾಗ ಒಣಗಿಸಿ.

ಕಂಬ ರೂಢಿಯಾಗುವವರೆಗೆ ಸೋಫಾ ಉಳಿಸುವುದು ಹೇಗೆ?

ಪರಚುವ ಮೂಲೆಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ. ಪಾದಕ್ಕೆ ಅಂಟು ತಾಗುವುದು ಬೆಕ್ಕಿಗೆ ಆಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ, ಅಲ್ಯೂಮಿನಿಯಂ ಫಾಯಿಲ್ ಕೂಡ ನಡೆಯುತ್ತದೆ. ಮನೆ ನಾಲ್ಕು ವಾರ ಹೋಟೆಲ್ ಪಾರ್ಸೆಲ್ ಥರ ಕಾಣುತ್ತದೆ, ಸಹಿಸಿಕೊಳ್ಳಿ. ಹೊಸ ಸೋಫಾ ತೆಗೆದುಕೊಳ್ಳುವವರು ಉಗುರು ಸಿಕ್ಕಿಕೊಳ್ಳದ ನುಣುಪಾದ, ಒತ್ತಾದ ಬಟ್ಟೆ ನೋಡಿ. ಸಡಿಲ ನೇಯ್ಗೆ ಬೇಡ. ಬೆತ್ತದ ಕುರ್ಚಿ ಇರುವವರಿಗೆ ಮಾತ್ರ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಬೆತ್ತ ಅಂದ್ರೆ ಬೆಕ್ಕಿಗೆ ಹಬ್ಬ. ನಾವು ಎತ್ತಿ ಮಾವನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದ್ದೇವೆ.

ಕಿತ್ತಳೆ, ಗಜನಿಂಬೆ ಸಿಪ್ಪೆಯ ವಾಸನೆ ಬಹಳ ಬೆಕ್ಕುಗಳಿಗೆ ಹಿಡಿಸುವುದಿಲ್ಲ. ಸಿಪ್ಪೆ ಇಟ್ಟು ನೋಡಬಹುದು. ಆದರೆ ಬಾಟಲಿಯಲ್ಲಿ ಬರುವ ಘಾಟು ಎಣ್ಣೆಗಳನ್ನು ಸಿಂಪಡಿಸಬೇಡಿ. ಫಿನಾಯಿಲ್, ನುಸಿ ಗುಳಿಗೆ ಕೂಡ ಬೇಡ. ಇವು ಬೆಕ್ಕಿನ ಮೈಗೆ ವಿಷ.

ಕಂಬಕ್ಕೆ ಬೆಕ್ಕನ್ನು ಸೆಳೆಯುವ ಸೊಪ್ಪು ಸಿಗುತ್ತದಂತೆ?

ಕ್ಯಾಟ್‌ನಿಪ್ ಅಂತ ಒಣ ಪುಡಿ ಸಿಗುತ್ತದೆ. ಅದು ಎಲ್ಲ ಬೆಕ್ಕಿಗೂ ಹಿಡಿಸುವುದಿಲ್ಲ, ಹುಟ್ಟಿನಿಂದ ಬರುವ ಗುಣ ಅದು. ತೀರಾ ಸಣ್ಣ ಮರಿಗಳ ಮೇಲೆ ಏನೂ ಆಗುವುದಿಲ್ಲ. ದುಡ್ಡು ಕೊಡುವ ಮೊದಲು ಹಿತ್ತಲು ನೋಡಿ. ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರು ಕಂಡರೆ ಬೆಕ್ಕುಗಳು ಮರುಳಾಗುತ್ತವೆ. ಗಿಡ ಕಿತ್ತು ಬೇರು ತೊಳೆದು ಕಂಬಕ್ಕೆ ತಿಕ್ಕಿದರೆ ನಮ್ಮ ಆರು ವರ್ಷದ 'ಮರಿ' ಅದನ್ನು ತಬ್ಬಿಕೊಂಡು ಉರುಳಾಡುತ್ತದೆ. ಕರಿಯ ಮೂಸಿ ಹೊರಟುಹೋಗುತ್ತಾನೆ.

ಉಗುರಿನ ತುದಿ ಕತ್ತರಿಸುವುದು ಹೇಗೆ? ಹತ್ತಿರ ಹೋದರೆ ಓಡಿಹೋಗುತ್ತದೆ.

ಎರಡು ಮೂರು ವಾರಕ್ಕೊಮ್ಮೆ ಸಾಕು. ಮೊದಲ ವಾರ ಕತ್ತರಿ ಹಿಡಿಯಲೇಬೇಡಿ. ಬೆಕ್ಕು ಊಟ ಮುಗಿಸಿ ತೂಕಡಿಸುವಾಗ ತೊಡೆ ಮೇಲೆ ಕೂರಿಸಿಕೊಂಡು ಸುಮ್ನೆ ಪಾದ ಒತ್ತಿ ಬಿಡಿ. ಬೆರಳಿನ ಮೇಲೆ ಕೆಳಗೆ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒತ್ತಿಸಿಕೊಂಡಿದ್ದಕ್ಕೆ ಒಂದು ತಿಂಡಿ. ಇದು ಅಭ್ಯಾಸವಾದ ಮೇಲೆ ಕತ್ತರಿ.

ಬೆಳಕಿಗೆ ಹಿಡಿದು ನೋಡಿ. ಉಗುರಿನ ಬುಡದ ಕಡೆ ಗುಲಾಬಿ ಬಣ್ಣ ಕಾಣುತ್ತದೆ, ಅದರಲ್ಲಿ ರಕ್ತ, ನೋವು ಎರಡೂ ಇದೆ. ಅದರಿಂದ ದೂರ, ತುದಿಯ ಬಿಳಿ ಕೊಕ್ಕೆಯನ್ನು ಮಾತ್ರ ತೆಗೆಯಿರಿ. ಕಪ್ಪು ಉಗುರಾದರೆ ಬರೀ ಮುಳ್ಳಿನ ತುದಿ ಮುರಿದಷ್ಟು. ಬೆಕ್ಕಿಗೆಂದೇ ಬರುವ ಸಣ್ಣ ಕತ್ತರಿ ಒಳ್ಳೆಯದು, ನಮ್ಮ ನೇಲ್ ಕಟರ್ ದೊಡ್ಡ ಬೆಕ್ಕಿನ ಉಗುರನ್ನು ಸೀಳುತ್ತದೆ. ಹತ್ತೂ ಉಗುರು ಒಂದೇ ದಿನ ಮುಗಿಸುವ ಹಟ ಬೇಡ. ಇವತ್ತು ಎರಡು, ನಾಳೆ ಎರಡು. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಹೆಬ್ಬೆರಳೊಂದಿದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಸವೆಯದೆ ಸುತ್ತಿಕೊಳ್ಳುವುದು ಅದೇ ಮೊದಲು. ವಯಸ್ಸಾದ ಬೆಕ್ಕುಗಳು ಪರಚುವುದು ಕಡಿಮೆ, ಹಾಗಾಗಿ ಅವುಗಳ ಉಗುರು ಬೇಗ ಬೇಗ ನೋಡುತ್ತಿರಬೇಕು.

ಕತ್ತರಿಸುವಾಗ ರಕ್ತ ಬಂದುಬಿಟ್ಟಿತು!

ನನ್ನಿಂದಲೂ ಆಗಿದೆ, ಕರಿಯ ಎರಡು ದಿನ ಮಾತು ಬಿಟ್ಟಿದ್ದ. ಕಾರ್ನ್‌ಫ್ಲೋರ್ ಚಿಟಿಕೆ ಒತ್ತಿ ಎರಡು ಮೂರು ನಿಮಿಷ ಹಿಡಿದುಕೊಳ್ಳಿ, ನಿಲ್ಲುತ್ತದೆ. ನಿಲ್ಲದಿದ್ದರೆ ಡಾಕ್ಟರು.

ಉಗುರಿಗೆ ಹಾಕುವ ಟೋಪಿ?

ನೇಲ್ ಕ್ಯಾಪ್. ಮೆತ್ತನೆಯ ಪ್ಲಾಸ್ಟಿಕ್ ಟೋಪಿಯನ್ನು ಕತ್ತರಿಸಿದ ಉಗುರಿಗೆ ಅಂಟಿಸುವುದು. ನಾಲ್ಕರಿಂದ ಆರು ವಾರ ಇರುತ್ತದೆ, ಉಗುರಿನ ಪದರದ ಜೊತೆ ತಾನೇ ಬೀಳುತ್ತದೆ. ಒಳಗೇ ಇರುವ ಬೆಕ್ಕಿಗೆ, ಕಂಬ ಕಲಿಯುವವರೆಗೆ ಪರವಾಗಿಲ್ಲ. ಅಳತೆ ಸರಿಯಿರಬೇಕು, ಬಿಗಿಯಾದರೆ ನೋವು. ಹೊರಗೆ ಓಡಾಡುವ ಬೆಕ್ಕಿಗೆ ಹಾಕಬೇಡಿ, ಮರ ಹತ್ತಲು ಆಗುವುದಿಲ್ಲ. ನನಗಂತೂ ಮೂರು ಬೆಕ್ಕಿಗೆ ಮೂವತ್ತು ಟೋಪಿ ಅಂಟಿಸುವ ತಾಳ್ಮೆ ಇಲ್ಲ.

ನಮ್ಮದು ತೋಟದ ಮನೆ, ಬೆಕ್ಕು ಇಡೀ ದಿನ ಹೊರಗೆ. ಉಗುರು ಕತ್ತರಿಸಬೇಕಾ?

ಬೇಡ. ನಾಯಿ ಅಟ್ಟಿಸಿಕೊಂಡು ಬಂದರೆ ಅದನ್ನು ಮರಕ್ಕೆ ಹತ್ತಿಸುವುದು ಆ ಉಗುರೇ. ಇಲಿ ಹಿಡಿಯುವುದೂ ಅದರಿಂದಲೇ. ಪಾದಕ್ಕೆ ಚುಚ್ಚಿಕೊಂಡಿದೆಯಾ ಅಂತ ಆಗಾಗ ನೋಡಿ, ಸಾಕು.

ಮನೆಯಲ್ಲಿ ಸಣ್ಣ ಮಗು ಇದೆ. ಪರಚಿದರೆ?

ಈ ಭಯ ಸರಿಯಾದದ್ದೇ, ಆದರೆ ಅದಕ್ಕೆ ಮದ್ದು ಬೇರೆ ಇದೆ. ಬಹುಪಾಲು ಗೀರು ಬೀಳುವುದು ಎತ್ತಿ ಅಮುಕಿದಾಗ, ಬಾಲ ಎಳೆದಾಗ, ಇಲ್ಲವೇ ಕೈಯನ್ನೇ ಆಟಿಕೆ ಮಾಡಿ ಮರಿ ಬೆಕ್ಕಿಗೆ ಕಚ್ಚಿಸಿಕೊಂಡು ಆಡಿದಾಗ. ಮರಿ ಇದ್ದಾಗ ಮುದ್ದಾಗಿರುತ್ತದೆ, ಅದೇ ರೂಢಿ ನಾಲ್ಕು ಕೇಜಿ ಬೆಕ್ಕಿಗೆ ಉಳಿದರೆ ಮುದ್ದಾಗಿರುವುದಿಲ್ಲ. ಆಟಕ್ಕೆ ಕೋಲಿಗೆ ಕಟ್ಟಿದ ದಾರ ಕೊಡಿ. ಬೆಕ್ಕಿಗೆ ಓಡಿಹೋಗಿ ಕೂರಲು ಎತ್ತರದ ಜಾಗ ಇರಲಿ. ಮಗುವನ್ನೂ ಬೆಕ್ಕನ್ನೂ ಎರಡೇ ಬಿಟ್ಟು ಹೋಗಬೇಡಿ.

ಪರಚಿದ್ದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ, ಸುಮ್ನೆ ಒದ್ದೆ ಮಾಡುವುದಲ್ಲ. ಸುಣ್ಣ, ಅರಿಶಿನ, ಮೆಣಸಿನ ಪುಡಿ ಹಚ್ಚಬೇಡಿ. ಆಮೇಲೆ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಅನ್ನುವುದು ತಪ್ಪು, ಬೆಕ್ಕಿನಿಂದಲೂ ಬರುತ್ತದೆ. ರಕ್ತ ಬರದ ಸಣ್ಣ ಗೀರಿಗೂ ಲಸಿಕೆ ಬೇಕಾಗಬಹುದು. ರಕ್ತ ಬಂದಿದ್ದರೆ, ಕಚ್ಚಿದ್ದರೆ ಲಸಿಕೆಯ ಜೊತೆ ಗಾಯಕ್ಕೆ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ. ಏನು ಬೇಕು ಅಂತ ಡಾಕ್ಟರು ಹೇಳಲಿ, 'ಮನೆ ಬೆಕ್ಕು, ಏನೂ ಆಗಲ್ಲ' ಅಂತ ನಾವು ಹೇಳುವುದು ಬೇಡ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ಪ್ರತಿ ವರ್ಷ.

ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿದ್ದಾರೆ. ಆಗಲಾದರೂ ಉಗುರು ತೆಗೆಸಬೇಕಲ್ವಾ?

ರೋಗ ತಡೆಯುವ ಶಕ್ತಿ ಕಡಿಮೆ ಇರುವವರ ಮನೆಯಲ್ಲೂ ಅದನ್ನು ಮಾಡಿಸಿ ಅಂತ ಅಮೆರಿಕದ ಆರೋಗ್ಯ ಇಲಾಖೆಯ ತಜ್ಞರು ಹೇಳುವುದಿಲ್ಲ. ಬೆಕ್ಕಿನ ಗೀರಿನಿಂದ ಬರುವ ಜ್ವರದ ರೋಗಾಣು ಹರಡುವುದು ಚಿಗಟದ ಹೇಸಿಗೆಯಿಂದ. ಚಿಗಟ ಹೋಗಿಸಿ, ಉಗುರಿನ ತುದಿ ಕತ್ತರಿಸಿ, ಒರಟು ಆಟ ಬೇಡ, ಗೀರಾದರೆ ತೊಳೆದು ಡಾಕ್ಟರಿಗೆ ಹೇಳಿ. ಕಚ್ಚುವ ಬೆಕ್ಕು ಪರಚುವ ಬೆಕ್ಕಿಗಿಂತ ಅಂಥವರಿಗೆ ಹೆಚ್ಚು ಅಪಾಯ.

ಎರಡು ಏಟು ಹಾಕಿದರೆ ಕಲಿಯಲ್ವಾ?

ಕಲಿಯುತ್ತದೆ. ನೀವಿಲ್ಲದಾಗ ಪರಚಬೇಕು ಅಂತ ಕಲಿಯುತ್ತದೆ.

ಡಾಕ್ಟರೇ ಒಂದು ಬೆರಳಿನ ಉಗುರು ತೆಗೆಯಬೇಕು ಅಂದರು.

ಗೆಡ್ಡೆ, ವಾಸಿಯಾಗದ ಸೋಂಕು, ಜಜ್ಜಿಹೋದ ಬೆರಳು ಆಗಿದ್ದರೆ ಅದು ಚಿಕಿತ್ಸೆ. ಮಾಡಿಸಿ. ಇಷ್ಟು ಹೊತ್ತು ಹೇಳಿದ್ದು ಆರೋಗ್ಯವಾಗಿರುವ ಹತ್ತು ಬೆರಳಿನ ಬಗ್ಗೆ. ಅನುಮಾನ ಇದ್ದರೆ ಇನ್ನೊಬ್ಬರನ್ನು ಕೇಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಬೆಂಗಳೂರಿನ ನೆಂಟರು ಉಗುರು ತೆಗೆಸಿದ ಬೆಕ್ಕನ್ನು ನಮಗೆ ಕೊಟ್ಟಿದ್ದಾರೆ. ಹೇಗೆ ನೋಡಿಕೊಳ್ಳುವುದು?

ಮೊದಲು, ಅದನ್ನು ಹೊರಗೆ ಬಿಡಬೇಡಿ. ಟ್ರೇಗೆ ಒರಟು ಮರಳು ಬೇಡ, ನುಣುಪಾದದ್ದು ಹಾಕಿ, ಅಥವಾ ಕಾಗದ ಹರಿದು ಹಾಕಿ. ಸೋಫಾ, ಮಂಚಕ್ಕೆ ಮೆಟ್ಟಿಲಿನ ಹಾಗೆ ಒಂದು ಸ್ಟೂಲ್ ಇಡಿ, ಮೇಲಿನಿಂದ ಹಾರುವುದು ಕಡಿಮೆಯಾಗಲಿ. ಪಾದ ಮುಟ್ಟಿದರೆ ಕಚ್ಚುತ್ತದೆ, ಕುಂಟುತ್ತದೆ, ನೆಗೆಯುವ ಮೊದಲು ಹಿಂಜರಿಯುತ್ತದೆ ಅಂದ್ರೆ ನೋವಿರಬಹುದು. ಎಕ್ಸ್‌ರೇ ಕೇಳಿ, ಉಳಿದ ಮೂಳೆ ಚೂರು ಸಿಕ್ಕರೆ ತೆಗೆಯಲು ಆಗುತ್ತದೆ. ಈ ಬೆಕ್ಕಿಗೂ ಒಂದು ಗೋಣಿ ಹಲಗೆ ಕೊಡಿ. ಉಗುರಿಲ್ಲದಿದ್ದರೂ ಅದು ಪರಚುವ ಕೆಲಸ ಮಾಡುತ್ತಲೇ ಇರುತ್ತದೆ.

ಒಂದು ಮಾತ್ರ ನೆನಪಿಡಿ. ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಮೈಗಿಲ್ಲ. ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಕಂಬದ ಕೆಳಗೆ ಉಗುರು ಬಿದ್ದಿದೆ! ಕಿತ್ತು ಬಂತಾ?

ಇಲ್ಲ. ಒಳಗೆ ಟೊಳ್ಳಾಗಿರುವ ಸಿಪ್ಪೆ ತಾನೆ? ಹಳೇ ಪದರ ಕಳಚಿದೆ. ಕಂಬ ಕೆಲಸ ಮಾಡುತ್ತಿದೆ ಅಂತ ಅರ್ಥ.

ಕಂಬದ ಹಗ್ಗ ಹರಿದು ಜೋತಾಡುತ್ತಿದೆ, ನೋಡಲು ಅಸಹ್ಯ. ಬಿಸಾಡಲಾ?

ಬೇಡ! ಬೆಕ್ಕಿಗೆ ಅದು ಈಗಷ್ಟೇ ರುಚಿಗೆ ಬಂದಿದೆ. ಅಷ್ಟು ದಿನದ ರುಜುಗಳೆಲ್ಲ ಅದರಲ್ಲೇ ಇವೆ. ಉದ್ದ ಎಳೆಗಳನ್ನು ಮಾತ್ರ ಕತ್ತರಿಸಿ, ನುಂಗಬಾರದು. ಹೊಸ ಕಂಬ ಮಾಡಿ ಹಳೆಯದರ ಪಕ್ಕದಲ್ಲೇ ನಿಲ್ಲಿಸಿ, ಹೊಸದಕ್ಕೆ ಉಗುರು ಬೀಳುವವರೆಗೆ ಹಳೆಯದು ಅಲ್ಲೇ ಇರಲಿ. ನಮ್ಮಲ್ಲಿ ಹೀಗೆ ಎರಡು ತಿಂಗಳು ಅಂತ ಇಟ್ಟ ಹಳೇ ಬೊಡ್ಡೆ ಎರಡು ವರ್ಷದಿಂದ ಹಾಲ್‌ನಲ್ಲೇ ಇದೆ. ಬಂದವರು ಕೇಳಿದರೆ 'ಕಾಫಿ ಬೊಡ್ಡೆಯ ಶಿಲ್ಪ' ಅಂತ ಹೇಳುತ್ತೇವೆ.